ಹದಿನೇಳರ ಪಾತ್ರ ತೆರೆಗೆ ಬಂದಾಗ ಕಾನೂನು ಯಾರ ವಯಸ್ಸು ಕೇಳುತ್ತದೆ?

2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ತಮಿಳಿನ ‘ಬ್ಯಾಡ್ ಗರ್ಲ್’ ಚಿತ್ರದ ಟೀಸರ್ ಅನ್ನು ಅಂತರ್ಜಾಲದಿಂದ ತೆಗೆಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಶಾಲಾ ವಯಸ್ಸಿನ ಮಕ್ಕಳನ್ನು ಅದರಲ್ಲಿ ಅಸಭ್ಯವಾಗಿ ತೋರಿಸಲಾಗಿದೆ ಎಂಬುದು ಅರ್ಜಿದಾರರ ದೂರಾಗಿತ್ತು. ಅದೇ ಚಿತ್ರಕ್ಕೆ ಆ ವರ್ಷದ ಆರಂಭದಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ, ಏಷ್ಯಾದ ಚಿತ್ರಗಳಿಗೆ ಕೊಡುವ ನೆಟ್‌ಪ್ಯಾಕ್ ಪ್ರಶಸ್ತಿ ಸಿಕ್ಕಿತ್ತು. ಸೆನ್ಸಾರ್ ಪ್ರಮಾಣಪತ್ರ ಪಡೆದು ಸೆಪ್ಟೆಂಬರ್ 5ರಂದು ಅದು ಚಿತ್ರಮಂದಿರಗಳಿಗೂ ಬಂತು. ಅದರ ಮುಖ್ಯ ಪಾತ್ರ ಮಾಡಿದವರು ವಯಸ್ಕ ನಟಿ.

ಓದುಗರಿಗೆ ಗೊಂದಲವಾದದ್ದು ಸಹಜ. ನಟಿ ವಯಸ್ಕಳಾದರೆ ಮಕ್ಕಳ ರಕ್ಷಣೆಯ ಕಾನೂನು ಎಲ್ಲಿಂದ ಬಂತು? ಟೀಸರ್ ಕೂಡದು, ಚಿತ್ರ ಆಗಬಹುದು ಎನ್ನುವುದು ಹೇಗೆ? ಹದಿಹರೆಯದ ಚಿತ್ರಗಳ ಸುತ್ತ ಪ್ರತಿ ಸಲ ಏಳುವ ಗದ್ದಲದಲ್ಲಿ ಮೂರು ಬೇರೆ ಬೇರೆ ವಯಸ್ಸುಗಳು ಒಂದರೊಳಗೊಂದು ಕಲಸಿಹೋಗುತ್ತವೆ: ನೋಡುವವರ ವಯಸ್ಸು, ನಟಿಸುವವರ ವಯಸ್ಸು, ಪಾತ್ರದ ವಯಸ್ಸು. ಒಂದೊಂದಕ್ಕೂ ಬೇರೆ ಕಾನೂನಿದೆ, ಒಂದೊಂದರ ಹಿಂದೆಯೂ ಬೇರೆ ಭಯವಿದೆ. ಇವನ್ನು ಬಿಡಿಸಿ ನೋಡದೆ ವಾದಕ್ಕಿಳಿದರೆ ಮಕ್ಕಳಿಗೂ ರಕ್ಷಣೆ ಸಿಗುವುದಿಲ್ಲ, ಅವರ ಬದುಕಿನ ಕಥೆಗೂ ಜಾಗ ಉಳಿಯುವುದಿಲ್ಲ.

ನೋಡುವವರ ವಯಸ್ಸು: 7, 13, 16

1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಮೊದಲು ಇದ್ದದ್ದು ಎರಡೇ ವರ್ಗ: ಎಲ್ಲರೂ ನೋಡಬಹುದಾದ ‘ಯು’, ವಯಸ್ಕರಿಗೆ ಮಾತ್ರ ಎನ್ನುವ ‘ಎ’. 1983ರಲ್ಲಿ ನಡುವೆ ‘ಯುಎ’ ಸೇರಿತು. 12 ವರ್ಷದೊಳಗಿನವರಿಗೆ ಹೆತ್ತವರ ಮಾರ್ಗದರ್ಶನ ಬೇಕು ಎಂಬುದು ಅದರ ಅರ್ಥ. ಹೀಗಾಗಿ 13ರಿಂದ 17ರವರೆಗಿನ ಮಕ್ಕಳಿಗೆಂದು ಪ್ರತ್ಯೇಕ ಮೆಟ್ಟಿಲೇ ಇರಲಿಲ್ಲ. ಚಿತ್ರ ಒಂದೋ ಪುಟ್ಟ ಮಕ್ಕಳಿಗೂ ಸಲ್ಲಬೇಕು, ಇಲ್ಲವೇ 18 ದಾಟಿದವರಿಗೆ ಮಾತ್ರ. ನಡುವಿನ ಮೆಟ್ಟಿಲುಗಳು ಬೇಕೆಂದು ಶ್ಯಾಮ್ ಬೆನಗಲ್ ಸಮಿತಿ 2016ರಲ್ಲೇ ಹೇಳಿತ್ತು. 2023ರ ತಿದ್ದುಪಡಿ ಯುಎಯನ್ನು 7+, 13+, 16+ ಎಂದು ಮೂರಾಗಿ ಒಡೆಯಿತು. ಅದಕ್ಕೆ ಬೇಕಾದ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು.

ಟಿಕೆಟ್ ಕೌಂಟರಿನಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಅಂಶ ಇಲ್ಲಿದೆ. ಯುಎ ಜೊತೆಗಿರುವ ಸಂಖ್ಯೆ ಹೆತ್ತವರಿಗೆ ಕೊಟ್ಟ ಸೂಚನೆ. ಅದನ್ನು ಜಾರಿ ಮಾಡುವ ಅಧಿಕಾರ ಹೆತ್ತವರಿಗೆ ಅಥವಾ ಪೋಷಕರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. 15 ವರ್ಷದ ಮಗಳನ್ನು ‘ಯುಎ 16+’ ಚಿತ್ರಕ್ಕೆ ತಂದೆತಾಯಿ ಕರೆದುಕೊಂಡು ಹೋದರೆ ಬಾಗಿಲಲ್ಲಿ ನಿಂತವರು ತಡೆಯುವಂತಿಲ್ಲ. ‘ಎ’ ಹಾಗಲ್ಲ. ಅದಕ್ಕೆ 18ರೊಳಗಿನವರನ್ನು ಒಳಬಿಟ್ಟರೆ ಚಿತ್ರಮಂದಿರ ಕಾನೂನಿಗೆ ಉತ್ತರ ಕೊಡಬೇಕಾಗುತ್ತದೆ, ಹೆತ್ತವರು ಜೊತೆಗಿದ್ದರೂ ಅಷ್ಟೆ.

ಹಾಗಾಗಿ ಹದಿಹರೆಯದ ಚಿತ್ರವೊಂದರ ಪಾಲಿಗೆ ‘ಯುಎ 16+’ ಮತ್ತು ‘ಎ’ ನಡುವಿನ ಗೆರೆಯೇ ಎಲ್ಲಕ್ಕಿಂತ ಮುಖ್ಯ. ‘ಎ’ ಸಿಕ್ಕರೆ ಆ ಕಥೆ ಯಾರದ್ದೋ ಅವರಿಗೇ ಅದು ಮುಚ್ಚಿದ ಬಾಗಿಲು. ಹಣಕಾಸಿನ ಹೊಡೆತ ಬೇರೆ. ಕೇಬಲ್ ಟಿವಿ ನಿಯಮಗಳ ಪ್ರಕಾರ ಅನಿರ್ಬಂಧಿತ ಪ್ರದರ್ಶನಕ್ಕೆ ಯೋಗ್ಯವಲ್ಲದ ಚಿತ್ರ ಕಿರುತೆರೆಯಲ್ಲಿ ಬರುವಂತಿಲ್ಲ. ಎಂದರೆ ಟಿವಿ ಪ್ರಸಾರದ ಸ್ಯಾಟಲೈಟ್ ಹಕ್ಕು ಮಾರಾಟವಾಗುವುದಿಲ್ಲ. ದೊಡ್ಡ ನಾಯಕನಿಲ್ಲದ, ಹಾಡುಗಳ ಹಕ್ಕಿನಿಂದ ಹೆಚ್ಚೇನೂ ಬಾರದ ಸಣ್ಣ ಚಿತ್ರಕ್ಕೆ ಆ ಹಣವೇ ಬಂಡವಾಳದ ದೊಡ್ಡ ಪಾಲು. 2023ರ ತಿದ್ದುಪಡಿ ‘ಎ’ ಚಿತ್ರವನ್ನು ಕತ್ತರಿಸಿ ಟಿವಿಗೆಂದು ಬೇರೆ ಪ್ರಮಾಣಪತ್ರ ಪಡೆಯುವ ದಾರಿ ತೆರೆದಿದೆ. ಆದರೆ ಅದು ಮತ್ತೊಂದು ಸುತ್ತಿನ ಅರ್ಜಿ, ಮತ್ತೊಂದು ಸುತ್ತಿನ ಕತ್ತರಿ. ಒಟ್ಟು ಪರಿಣಾಮವೆಂದರೆ ಚಿತ್ರಕಥೆ ಬರೆಯುವ ಮೇಜಿನ ಮೇಲೆಯೇ ಕತ್ತರಿ ಶುರುವಾಗುತ್ತದೆ.

ಎಣಿಸುವುದು ಸುಲಭ, ತೂಗುವುದು ಕಷ್ಟ

ಪ್ರಮಾಣೀಕರಣಕ್ಕೆ ಇಂದಿಗೂ ಆಧಾರವಾಗಿರುವ 1991ರ ಮಾರ್ಗಸೂಚಿಯಲ್ಲಿ ಎರಡು ಮಾತುಗಳಿವೆ. ಚಿತ್ರವನ್ನು ಅದರ ಒಟ್ಟು ಪರಿಣಾಮದ ದೃಷ್ಟಿಯಿಂದ ಇಡಿಯಾಗಿ ನೋಡಬೇಕು ಎಂಬುದು ಒಂದು. ಮಕ್ಕಳು ಹಿಂಸೆಗೆ ಗುರಿಯಾಗುವ, ಹಿಂಸೆ ಎಸಗುವ ಅಥವಾ ಬಲವಂತವಾಗಿ ಅದಕ್ಕೆ ಸಾಕ್ಷಿಯಾಗುವ ದೃಶ್ಯ, ಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯ ಅನಗತ್ಯವಾಗಿ ಇರಕೂಡದು ಎಂಬುದು ಇನ್ನೊಂದು. ಮೊದಲನೆಯದು ತೂಗುವ ಕೆಲಸ, ಎರಡನೆಯದು ಬಿಡಿ ದೃಶ್ಯ ಹೆಕ್ಕುವ ಕೆಲಸ. ಒಂದೇ ಪ್ರದರ್ಶನ ನೋಡಿ ಟಿಪ್ಪಣಿ ಬರೆಯಬೇಕಾದ ಸಮಿತಿಗೆ ಎರಡನೆಯದೇ ಸುಲಭ. ಬೈಗುಳ ಎಷ್ಟು, ಮುತ್ತು ಎಷ್ಟು ಸೆಕೆಂಡು, ಸಿಗರೇಟು ಯಾರ ಕೈಯಲ್ಲಿ: ಇವನ್ನು ಬೆರಳು ಮಡಚಿ ಎಣಿಸಬಹುದು. ದೃಷ್ಟಿಕೋನವನ್ನು ಎಣಿಸಲಾಗದು.

ಇದರಿಂದ ತಲೆಕೆಳಗಾದ ಫಲಿತಾಂಶ ಬರುತ್ತದೆ. ಯೂನಿಫಾರಂ ಹಾಕಿದ ಹುಡುಗಿಯನ್ನು ಮೂವತ್ತರ ನಾಯಕ ಬೀದಿ ಬೀದಿ ಹಿಂಬಾಲಿಸಿ, ಹಾಡಿ, ಕೊನೆಗೆ ಒಲಿಸಿಕೊಳ್ಳುವ ಕಥೆಯಲ್ಲಿ ಎಣಿಸಬಹುದಾದ ತಪ್ಪು ಒಂದೂ ಇರುವುದಿಲ್ಲ. ಅಂಥವು ದಶಕಗಳಿಂದ ‘ಯು’, ‘ಯುಎ’ ಪಡೆದು ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಾಗಿವೆ. ತನ್ನ ದೇಹದ ಬಗ್ಗೆ ಗೊಂದಲಗೊಂಡ, ತಪ್ಪು ಮಾಡಿ ಅದರ ಬೆಲೆ ತೆರುವ ಹುಡುಗಿಯ ಕಥೆಯಲ್ಲಿ ಎಣಿಸಲು ಹತ್ತು ಸಿಗುತ್ತವೆ. ಮಕ್ಕಳಿಗೆ ಹೆಚ್ಚು ಹಾನಿ ಮಾಡುವುದು ಯಾವುದು ಎಂದು ಕೇಳಿದರೆ ಉತ್ತರ ಮೊದಲನೆಯದು ಎಂದೇ ಹೇಳಬೇಕಾಗುತ್ತದೆ. ಹಿಂಬಾಲಿಸುವುದೇ ಪ್ರೀತಿ ಎಂದು ಅದು ಹುಡುಗರಿಗೆ ಕಲಿಸುತ್ತದೆ, ಸಹಿಸಿಕೊಂಡರೆ ಅದೇ ಒಪ್ಪಿಗೆ ಎಂದು ಹುಡುಗಿಯರಿಗೆ ಕಲಿಸುತ್ತದೆ.

ಟೀಸರ್‌ನ ಒಗಟೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೆ ಪ್ರಮಾಣಪತ್ರ ಬೇಕು. ಯೂಟ್ಯೂಬಿಗೆ ನೇರವಾಗಿ ಏರಿಸುವ ಟೀಸರ್ ಸೆನ್ಸಾರ್ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಅನ್ವಯಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ. ಟೀಸರ್‌ಗೆ ‘ಒಟ್ಟು ಪರಿಣಾಮ’ ಎಂಬುದೂ ಇರುವುದಿಲ್ಲ. ಎರಡು ಗಂಟೆಯ ಕಥೆಯಿಂದ ಅತಿ ಚುರುಕಾದ ತುಣುಕುಗಳನ್ನೇ ಆರಿಸಿ, ಹಿಂದುಮುಂದಿನ ಕಾರಣಗಳನ್ನೆಲ್ಲ ಕಿತ್ತು, ಕಣ್ಣು ಸೆಳೆಯಲೆಂದೇ ಜೋಡಿಸಿದ್ದು ಅದು. ಚಿತ್ರದಲ್ಲಿ ಕಾರಣವಿದ್ದ ದೃಶ್ಯ ಟೀಸರ್‌ನಲ್ಲಿ ಕಾರಣವಿಲ್ಲದೆ ನಿಲ್ಲುತ್ತದೆ. ಹದಿಹರೆಯದ ಚಿತ್ರ ಮಾಡುವವರು ಪ್ರಚಾರಕ್ಕೆ ಇದೇ ರೂಢಿಯ ಕತ್ತರಿಯನ್ನು ಹಿಡಿದಾಗ ಅಪಾಯವನ್ನು ತಾವೇ ಕರೆದುಕೊಂಡಂತಾಗುತ್ತದೆ. ಈ ಮಟ್ಟಿಗೆ ದೂರು ಕೊಟ್ಟವರ ಆತಂಕವನ್ನು ಪೂರ್ತಿ ತಳ್ಳಿಹಾಕಲಾಗದು.

ನಟಿಸುವವರ ವಯಸ್ಸು: ಹದಿನಾಲ್ಕಕ್ಕೆ ಕಡಿದುಹೋಗುವ ರಕ್ಷಣೆ

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ, ಅದರ ನಿಯಮಗಳಿಗೆ 2017ರಲ್ಲಿ ತಿದ್ದುಪಡಿಯಾಯಿತು. 14ರೊಳಗಿನ ಮಗು ಕಲಾವಿದನಾಗಿ ಕೆಲಸ ಮಾಡಬಹುದು, ಆದರೆ ಷರತ್ತುಗಳಿವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ವಿರಾಮವಿಲ್ಲದೆ ಸತತ 3 ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಬಳಸಿಕೊಳ್ಳುವಂತಿಲ್ಲ, ಪಾಠ ತಪ್ಪದಂತೆ ವ್ಯವಸ್ಥೆ ಮಾಡಬೇಕು. ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರಿಂದ ಮೊದಲೇ ಅನುಮತಿ ಪಡೆಯಬೇಕು. ಐದು ಮಕ್ಕಳಿಗೊಬ್ಬರಂತೆ ಜವಾಬ್ದಾರಿ ಹೊರುವವರು ಸೆಟ್‌ನಲ್ಲಿರಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಪ್ರತಿಶತ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ಠೇವಣಿಯಾಗಬೇಕು. ನಿರ್ಮಾಪಕರು ಕೊಡುವ ಮುಚ್ಚಳಿಕೆ 6 ತಿಂಗಳಷ್ಟೇ ಊರ್ಜಿತ.

ಇವೆಲ್ಲ ಒಳ್ಳೆಯ ನಿಯಮಗಳೇ. ಸೆಟ್‌ನಲ್ಲಿ ಇವುಗಳ ಅರ್ಥ ಏನು? ದಿನದ ಕಾಲ್‌ಶೀಟ್‌ನಲ್ಲಿ ಲೈಟಿಂಗ್‌ಗೇ ದೊಡ್ಡ ಪಾಲು ಹೋಗುತ್ತದೆ. ಮಗುವಿಗಿರುವ 5 ಗಂಟೆ ಅದರಲ್ಲೇ ಕರಗದಂತೆ ನೋಡಿಕೊಳ್ಳಬೇಕಾದರೆ ಮಗು ಬರುವ ಮುನ್ನ ಅದೇ ಎತ್ತರದ ಬೇರೊಬ್ಬರನ್ನು ನಿಲ್ಲಿಸಿ ಬೆಳಕು ಹೊಂದಿಸಿಕೊಳ್ಳಬೇಕು. ಮಗುವಿನ ಕ್ಲೋಸಪ್‌ಗಳನ್ನು ಮೊದಲು ಮುಗಿಸಬೇಕು. ಎದುರಿನ ಪಾತ್ರದ ಶಾಟ್‌ಗಳನ್ನು ಮಗು ಮನೆಗೆ ಹೋದ ಮೇಲೆ ತೆಗೆಯಬೇಕು. ಎರಡು ಜಿಲ್ಲೆಗಳಲ್ಲಿ ಚಿತ್ರೀಕರಣವಾದರೆ ಎರಡು ಅನುಮತಿ. ಹುಡುಗರ ವಿಷಯದಲ್ಲಿ ಇನ್ನೊಂದು ತೊಡಕಿದೆ: 13ನೇ ವಯಸ್ಸಿನಲ್ಲಿ ಚಿತ್ರೀಕರಿಸಿ ಏಳೆಂಟು ತಿಂಗಳ ನಂತರ ಡಬ್ಬಿಂಗ್‌ಗೆ ಕರೆದರೆ ಅಷ್ಟರಲ್ಲಿ ಗಂಟಲು ಒಡೆದಿರುತ್ತದೆ. ಆಗ ಬೇರೆ ಹುಡುಗನ ದನಿ ಅಂಟಿಸಬೇಕು, ಅದು ಮುಖಕ್ಕೆ ಕೂರುವುದಿಲ್ಲ. ಮೊದಲೇ ಚಿತ್ರೀಕರಣದ ಹೊತ್ತಿಗೇ ದನಿ ದಾಖಲಿಸುವ ಸಿಂಕ್ ಸೌಂಡ್‌ಗೆ ಹೋದರೆ ಖರ್ಚು ಏರುತ್ತದೆ, ಗದ್ದಲವಿರುವ ಸ್ಥಳಗಳನ್ನು ಕೈಬಿಡಬೇಕಾಗುತ್ತದೆ.

ಆದರೆ ಈ ರಕ್ಷಣೆ ಇರುವುದು ಹದಿನಾಲ್ಕರವರೆಗೆ ಮಾತ್ರ. 14ರಿಂದ 18ರ ನಡುವಿನವರನ್ನು ಕಾಯ್ದೆ ‘ಹದಿಹರೆಯದವರು’ ಎಂದು ಬೇರೆ ಮಾಡಿ, ಅಪಾಯಕಾರಿ ಉದ್ಯೋಗಗಳನ್ನಷ್ಟೇ ಅವರಿಗೆ ನಿಷೇಧಿಸುತ್ತದೆ. ಬಾಲಕಲಾವಿದರಿಗಿರುವ 5 ಗಂಟೆ, 27 ದಿನ, 20 ಪ್ರತಿಶತದ ಷರತ್ತುಗಳು 15 ವರ್ಷದ ನಟಿಗೆ ಅನ್ವಯಿಸುವುದಿಲ್ಲ. ಮೊದಲ ಪ್ರೇಮ, ಅವಮಾನ, ಮನೆಯವರ ಹೊಡೆತದಂಥ ನಾಜೂಕಿನ ದೃಶ್ಯಗಳು ಬರುವುದು ಈ ವಯಸ್ಸಿನ ಪಾತ್ರಗಳಿಗೇ. ಎಂಟು ವರ್ಷದ ಮಗು ಐಸ್‌ಕ್ರೀಮ್ ಜಾಹೀರಾತಿನಲ್ಲಿ ನಟಿಸಿದರೆ ಜಿಲ್ಲಾಡಳಿತದ ಅನುಮತಿ ಬೇಕು, ಹದಿನೈದರ ಹುಡುಗಿ ಮದುವೆಗೆ ನೂಕಲ್ಪಡುವ ಪಾತ್ರ ಮಾಡಿದರೆ ಬೇಡ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯ ಹೆಸರಿನಲ್ಲೇ ಮಕ್ಕಳ ಜೊತೆ ಹದಿಹರೆಯದವರೂ ಇದ್ದರು. ನಿಜವಾದ ಮಕ್ಕಳ ಸುರಕ್ಷತೆಗಾಗಿ ಹೋರಾಡಬೇಕಾದ ಜಾಗ ಇದು ಎಂಬುದು ಈ ಲೇಖನದ ಖಚಿತ ನಿಲುವು. ದುರದೃಷ್ಟವೆಂದರೆ ಗದ್ದಲವೆಲ್ಲ ಬೇರೆ ಕಡೆ ನಡೆಯುತ್ತಿದೆ.

ಪಾತ್ರದ ವಯಸ್ಸು: ‘ಮಗುವಿನಂತೆ ಕಾಣುವ’ ಎಂಬ ಎರಡು ಪದ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅದಕ್ಕೂ ಮುಂಚೆ ಲೈಂಗಿಕ ಸಮ್ಮತಿಯ ವಯಸ್ಸು 16 ಇತ್ತು. ಎಂದರೆ 2012ರ ನವೆಂಬರ್‌ನಲ್ಲಿ 16 ಮತ್ತು 17ರ ಹರೆಯ ಕಾನೂನಿನ ಕಣ್ಣಿನಲ್ಲಿ ಒಂದೇ ದಿನದಲ್ಲಿ ಬಾಲ್ಯಕ್ಕೆ ಸರಿಯಿತು. ಪ್ರೇಮಕಥೆಗಳು ಮಾತ್ರ ಇದ್ದಲ್ಲೇ ಇದ್ದವು.

2019ರ ತಿದ್ದುಪಡಿ ‘ಮಕ್ಕಳ ಅಶ್ಲೀಲ ಚಿತ್ರಣ’ಕ್ಕೆ ವ್ಯಾಖ್ಯೆ ಕೊಟ್ಟಿತು. ಮಗುವನ್ನೊಳಗೊಂಡ ಸ್ಪಷ್ಟ ಲೈಂಗಿಕ ವರ್ತನೆಯ ಯಾವುದೇ ದೃಶ್ಯರೂಪ ಇದರಲ್ಲಿ ಬರುತ್ತದೆ. ಫೋಟೊ, ವಿಡಿಯೊ, ನಿಜವಾದ ಮಗುವಿನಿಂದ ಬೇರ್ಪಡಿಸಿ ಗುರುತಿಸಲಾಗದ ಕಂಪ್ಯೂಟರ್ ಚಿತ್ರಗಳ ಜೊತೆಗೆ, ಸೃಷ್ಟಿಸಿದ ಅಥವಾ ಮಾರ್ಪಡಿಸಿದ, ಆದರೆ ಮಗುವಿನಂತೆ ಕಾಣುವ ಚಿತ್ರಗಳೂ ಸೇರಿವೆ. ಈ ಕೊನೆಯ ಮಾತು ಬಂದದ್ದು ಒಳ್ಳೆಯ ಕಾರಣಕ್ಕೆ. ಮಕ್ಕಳ ಮುಖವನ್ನು ಬೇರೆ ದೇಹಕ್ಕೆ ಅಂಟಿಸಿ ಹಂಚುವವರು, ‘ಇದು ನಿಜವಾದ ಮಗುವಲ್ಲ’ ಎಂದು ನುಣುಚಿಕೊಳ್ಳುವವರು ಸಿಕ್ಕಿಬೀಳಬೇಕಿತ್ತು. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಆ ಅಗತ್ಯ ಇನ್ನೂ ಹೆಚ್ಚಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಅಶ್ಲೀಲ ಸಾಮಗ್ರಿಯನ್ನು ಇಟ್ಟುಕೊಳ್ಳುವುದರ ವಿರುದ್ಧವೂ ಕಠಿಣ ನಿಲುವು ತಳೆಯಿತು.

ಆದರೆ ಅಕ್ಷರಶಃ ಓದಿದರೆ, 25ರ ನಟಿ 16ರ ಪಾತ್ರವಾಗಿ ಯೂನಿಫಾರಂ ತೊಟ್ಟಾಗ ಆಕೆಯೂ ‘ಮಗುವಿನಂತೆ ಕಾಣುವ’ ಚಿತ್ರವೇ ಎಂದು ವಾದಿಸಲು ಎಡೆಯಾಗುತ್ತದೆ. ಎದುರು ವಾದವೂ ಬಲವಾಗಿದೆ. ವ್ಯಾಖ್ಯೆ ಕೇಳುವುದು ‘ಸ್ಪಷ್ಟ ಲೈಂಗಿಕ ವರ್ತನೆ’ಯನ್ನು. ಕದ್ದುನೋಡುವ ನೋಟ, ಒಂದು ಮುತ್ತು, ಮುಚ್ಚಿಕೊಂಡ ಬಾಗಿಲು ಅದಾಗುವುದಿಲ್ಲ. ತೊಂದರೆ ಏನೆಂದರೆ ಆ ಪದಪುಂಜಕ್ಕೆ ಕಾಯ್ದೆಯೊಳಗೆ ಪ್ರತ್ಯೇಕ ವಿವರಣೆ ಇಲ್ಲ, ಗೆರೆ ಎಲ್ಲಿದೆಯೆಂದು ಪ್ರಕರಣ ಬಂದಾಗಲೇ ತಿಳಿಯಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಕೂಡ ಮಕ್ಕಳ ಅಶ್ಲೀಲ ಚಿತ್ರಣವನ್ನು ಶಿಕ್ಷಿಸುತ್ತದೆ, ಆದರೆ ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ಹಿತಕ್ಕಾಗಿ ಸಮರ್ಥಿಸಬಹುದಾದ ಕೃತಿಗಳಿಗೆ ಅಲ್ಲಿ ವಿನಾಯಿತಿ ಇದೆ. ಪೋಕ್ಸೊದ ಆ ವ್ಯಾಖ್ಯೆಯಲ್ಲಿ ಅಂಥ ಸಾಲಿಲ್ಲ. ಒಂದೇ ದೃಶ್ಯಕ್ಕೆ ಒಂದು ಕಾನೂನಿನಲ್ಲಿ ಕಲೆಯೆಂಬ ಉತ್ತರವಿದೆ, ಇನ್ನೊಂದರಲ್ಲಿ ಇಲ್ಲ. ಸಂಸತ್ತು ಒಂದು ಸಾಲು ಸೇರಿಸಿ ಸರಿಪಡಿಸಬಹುದಾದ ತೊಡಕು ಇದು: ವಯಸ್ಕ ನಟರು ಅಭಿನಯಿಸಿದ, ಪ್ರಮಾಣಪತ್ರ ಪಡೆದ ಕಥಾಚಿತ್ರವನ್ನು ಬೇರೆಯಾಗಿ ನೋಡಬೇಕು ಎಂದು.

ಮಕ್ಕಳ ಹಕ್ಕುಗಳ ಪರ ಕೆಲಸ ಮಾಡುವವರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಕೇಡಿಗರಿಗೆ ಅದೇ ಕಿಂಡಿಯಾಗುತ್ತದೆ ಎನ್ನುವುದು ಅವರ ಭಯ. ಯೂನಿಫಾರಂ ತೊಟ್ಟ ದೇಹವನ್ನು ಆಸೆಯ ವಸ್ತುವಾಗಿ ತೋರಿಸಿದರೆ, ಒಳಗಿರುವವಳು 25ರವಳೆಂದು ಹಾನಿ ತಪ್ಪುವುದಿಲ್ಲ ಎಂದೂ ಅವರು ಹೇಳುತ್ತಾರೆ. ಎರಡನೆಯ ಮಾತಿನಲ್ಲಿ ಸತ್ಯವಿದೆ. ಆದರೆ ಆ ಮಾನದಂಡವನ್ನು ನೇರವಾಗಿ ಅನ್ವಯಿಸಿದರೆ ಮೊದಲು ಸಿಕ್ಕಿಬೀಳಬೇಕಾದದ್ದು ‘ಯು’ ಪಡೆದ ಹಾಡುಗಳೇ.

ನಮ್ಮ ಪಿಯುಸಿ ಎಂಬ ಮಸುಕು ಗೆರೆ

ಕರ್ನಾಟಕದಲ್ಲಿ ಈ ಪ್ರಶ್ನೆಗೆ ತನ್ನದೇ ತಿರುವು ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಸೇರುವುದು ‘ಕಾಲೇಜಿ’ಗೆ. ಪಿಯುಸಿ ವಿದ್ಯಾರ್ಥಿಗಳ ವಯಸ್ಸು 16, 17, ಕೆಲವರಿಗಷ್ಟೇ 18. ನಮ್ಮ ಮಾತಿನಲ್ಲಿ ಅವರು ಕಾಲೇಜು ಹುಡುಗರು, ಪೋಕ್ಸೊ ಪ್ರಕಾರ ಮಕ್ಕಳು. ಕನ್ನಡ ಸಿನಿಮಾ ‘ಕಾಲೇಜ್ ಲವ್ ಸ್ಟೋರಿ’ ಎಂದು ದಶಕಗಳಿಂದ ತೋರಿಸುತ್ತ ಬಂದ ಲೋಕದಲ್ಲಿ 16ರವರೂ 21ರವರೂ ಒಂದೇ ಕ್ಯಾಂಟೀನಿನಲ್ಲಿ ಕೂತಿರುತ್ತಾರೆ. ಯಾರ ವಯಸ್ಸು ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ.

ಕೇಳಿದ ಚಿತ್ರಗಳಲ್ಲಿ ಪೃಥ್ವಿ ಕೊಣನೂರು ನಿರ್ದೇಶನದ ‘ಹದಿನೇಳೆಂಟು’ ಮುಖ್ಯವಾದುದು. ಹೆಸರೇ ಕಾನೂನಿನ ಗೆರೆಯ ಮೇಲೆ ಕೂತಿದೆ. ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಮಾಡಿಕೊಂಡ ಖಾಸಗಿ ವಿಡಿಯೊ ಹೊರಬಿದ್ದ ಮೇಲೆ ಆಡಳಿತ ಮಂಡಳಿ, ಮನೆ, ಜಾತಿ ಎಲ್ಲವೂ ಆ ಇಬ್ಬರ ಮೇಲೆ ಹೇಗೆ ಬೇರೆ ಬೇರೆ ತೂಕದಲ್ಲಿ ಬೀಳುತ್ತವೆ ಎಂಬುದು ಅದರ ಕಥೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡು, ಅದೇ ವರ್ಷ ಗೋವಾ ಚಿತ್ರೋತ್ಸವದ ಭಾರತೀಯ ಪನೋರಮಾ ವಿಭಾಗದ ಉದ್ಘಾಟನಾ ಚಿತ್ರವಾಯಿತು. 17 ಮತ್ತು 18ರ ನಡುವಿನ ಕೆಲವೇ ತಿಂಗಳುಗಳು ಒಂದು ಮಗುವಿನ ಇಡೀ ಬದುಕನ್ನು ಯಾವ ಕಡೆಗೆ ತಿರುಗಿಸಬಹುದು ಎನ್ನುವುದು ಪಿಯು ತರಗತಿಗಳಲ್ಲಿ ಕೂತವರಿಗೆ ತಿಳಿದಿರಲೇಬೇಕಾದ ವಿಷಯ.

ಹೊರದೇಶಗಳಲ್ಲಿ

ಈ ಇಕ್ಕಟ್ಟು ನಮ್ಮದೊಂದೇ ಅಲ್ಲ. 13ರ ಹುಡುಗಿಯ ಎಂಟನೇ ತರಗತಿಯ ಕೊನೆಯ ವಾರದ ಕಥೆ ಹೇಳುವ ಅಮೆರಿಕದ ‘ಏಯ್ತ್ ಗ್ರೇಡ್’ ಚಿತ್ರಕ್ಕೆ ‘ಆರ್’ ಸಿಕ್ಕಿತು. 17ರೊಳಗಿನವರು ಹಿರಿಯರಿಲ್ಲದೆ ನೋಡುವಂತಿರಲಿಲ್ಲ. ವಿತರಕರು 2018ರ ಆಗಸ್ಟ್ 8ರಂದು ಐವತ್ತೂ ರಾಜ್ಯಗಳಲ್ಲಿ ಆ ನಿರ್ಬಂಧವಿಲ್ಲದೆ ಉಚಿತ ಪ್ರದರ್ಶನ ಏರ್ಪಡಿಸಿದರು. ಅಮೆರಿಕದ ರೇಟಿಂಗ್ ಕಾನೂನಲ್ಲ, ಉದ್ಯಮದ ಸ್ವಯಂ ಕಟ್ಟುಪಾಡು, ಆದ್ದರಿಂದ ಹಾಗೆ ಮಾಡಲು ಸಾಧ್ಯವಾಯಿತು. ಬ್ರಿಟನ್ನಿನಲ್ಲಿ ಕೆನ್ ಲೋಚ್ ಅವರ ‘ಸ್ವೀಟ್ ಸಿಕ್ಸ್‌ಟೀನ್’ ಚಿತ್ರಕ್ಕೆ 2002ರಲ್ಲಿ ಬೈಗುಳಗಳ ಕಾರಣ 18ರ ದರ್ಜೆ ಬಂದಾಗ, ಅದನ್ನು ಚಿತ್ರೀಕರಿಸಿದ ಸ್ಕಾಟ್ಲೆಂಡಿನ ಇನ್ವರ್‌ಕ್ಲೈಡ್ ಸ್ಥಳೀಯ ಆಡಳಿತ ತನ್ನ ವ್ಯಾಪ್ತಿಯಲ್ಲಿ ದರ್ಜೆಯನ್ನು 15ಕ್ಕೆ ಇಳಿಸಿತು. ನಮ್ಮಲ್ಲಿ ಜಿಲ್ಲಾಡಳಿತಕ್ಕೆ ಚಿತ್ರ ತಡೆಯುವ ಅಧಿಕಾರವಿದೆ, ದರ್ಜೆ ಇಳಿಸುವ ಅಧಿಕಾರ ಇಲ್ಲ.

ಮುಂದೆ ಆಗುವುದು ಏನು

ಟೀಸರ್ ಪ್ರಕರಣದ ಮೊದಲ ಪರಿಣಾಮ ಚಿತ್ರಕಥೆಯಲ್ಲಿ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಪಾತ್ರಗಳು ಡಿಗ್ರಿಯ ಮೊದಲ ವರ್ಷಕ್ಕೆ ಬಡ್ತಿ ಪಡೆಯುತ್ತವೆ, ಆರಂಭದಲ್ಲಿ ‘ಪಾತ್ರಗಳೆಲ್ಲ 18 ದಾಟಿದವರು’ ಎಂಬ ಫಲಕ ಬರುತ್ತದೆ. ಮಾತು, ಮನಸ್ಸು, ತಪ್ಪುಗಳೆಲ್ಲ ಹದಿನೈದರವೇ ಆಗಿದ್ದು ಸಂಖ್ಯೆ ಮಾತ್ರ ಬದಲಾದರೆ ನೋಡುವ ಹದಿನೈದರವರಿಗೆ ಅದು ತಮ್ಮ ಕಥೆ ಎನಿಸುವುದಿಲ್ಲ. ಎರಡನೆಯದು ನಟರ ಆಯ್ಕೆಯಲ್ಲಿ. ಇಪ್ಪತ್ತೈದರವರು ಹದಿನಾರರವರಾಗಿ ನಟಿಸುವ ರೂಢಿ ಇನ್ನಷ್ಟು ಗಟ್ಟಿಯಾಗುತ್ತದೆ. ಲೈಂಗಿಕ ದೃಶ್ಯಗಳ ಮಟ್ಟಿಗೆ ಅದು ಸರಿ, ಅಲ್ಲಿ ವಯಸ್ಕರೇ ಇರಬೇಕು. ಆದರೆ ತರಗತಿಯಿಡೀ ಮೊಡವೆಯಿಲ್ಲದ, ತೋಳು ತುಂಬಿದ ವಯಸ್ಕರೇ ಕೂತರೆ ತನ್ನ ದೇಹವೇ ತಪ್ಪು ಎಂದು ನೋಡುವ ಮಗುವಿಗೆ ಅನಿಸತೊಡಗುತ್ತದೆ. ಮೂರನೆಯದಾಗಿ ಇಂಥ ಚಿತ್ರಗಳು ಚಿತ್ರಮಂದಿರ ಬಿಟ್ಟು ಓಟಿಟಿಯತ್ತ ಸರಿಯುತ್ತವೆ. 2021ರ ನಿಯಮಗಳ ಪ್ರಕಾರ ಅಲ್ಲಿಯೂ 7+, 13+, 16+ ದರ್ಜೆಗಳಿವೆ, ಆದರೆ ದರ್ಜೆ ಕೊಡುವುದು ಸಂಸ್ಥೆಗಳೇ. 13+ ಮತ್ತು ಮೇಲಿನದಕ್ಕೆ ಪೋಷಕರು ಹಾಕಬಹುದಾದ ಬೀಗ ಇರಬೇಕು. ಆ ಬೀಗವನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಪಿನ್ ಇಟ್ಟು, ಮಕ್ಕಳ ಪ್ರೊಫೈಲ್ ಬೇರೆ ಮಾಡಿದಾಗಲೇ ಅದು ಕೆಲಸ ಮಾಡುತ್ತದೆ. ಎಲ್ಲರೂ ಒಂದೇ ಪ್ರೊಫೈಲ್ ಬಳಸುವ ಮನೆಗಳಲ್ಲಿ ಅದು ಇದ್ದೂ ಇಲ್ಲದಂತೆ.

ಸಮ್ಮತಿಯ ವಯಸ್ಸಿನ ಚರ್ಚೆ ಬೇರೆ ಹಾದಿಯಲ್ಲಿ ಸಾಗಿದೆ. ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಈ ಮಿತಿಯನ್ನು ಮತ್ತೆ ಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೇಳಿತ್ತು. ಆಯೋಗ 2023ರ ಸೆಪ್ಟೆಂಬರ್‌ನ ತನ್ನ 283ನೇ ವರದಿಯಲ್ಲಿ ವಯಸ್ಸನ್ನು 16ಕ್ಕೆ ಇಳಿಸುವುದು ಬೇಡ ಎಂದಿತು. 2025ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ನ್ಯಾಯಾಲಯಕ್ಕೆ ನೆರವಾಗುವ ವಕೀಲೆ (ಅಮಿಕಸ್ ಕ್ಯೂರಿ) ಇಂದಿರಾ ಜೈಸಿಂಗ್ ಅವರು ಹದಿಹರೆಯದವರ ನಡುವಿನ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಹೊರಗಿಡಬೇಕೆಂದು ವಾದಿಸಿದರು, ಕೇಂದ್ರ ವಿರೋಧಿಸಿತು. ಅಂಥ ವಿನಾಯಿತಿ ಬಂದರೂ ಚಿತ್ರ ಮಾಡುವವರ ಸಮಸ್ಯೆ ತಾನಾಗಿ ಬಗೆಹರಿಯುವುದಿಲ್ಲ. ವಿನಾಯಿತಿ ಇಬ್ಬರ ವರ್ತನೆಗೆ ಸಿಗುತ್ತದೆ, ‘ಮಗು’ ಎಂಬುದರ ವ್ಯಾಖ್ಯೆ 18ರಲ್ಲೇ ಉಳಿಯುತ್ತದೆ. ಆಗ ಹದಿನೇಳರ ಇಬ್ಬರು ಬದುಕಿನಲ್ಲಿ ಮಾಡಿದ್ದು ಅಪರಾಧವಲ್ಲದೆಯೂ, ವಯಸ್ಕ ನಟರು ಅದನ್ನೇ ಅಭಿನಯಿಸಿದ ದೃಶ್ಯ 2019ರ ಆ ವ್ಯಾಖ್ಯೆಯೆದುರು ಈಗ ನಿಂತಿರುವ ಜಾಗದಲ್ಲೇ ನಿಂತಿರುತ್ತದೆ.